ಸಮಾಜ ಮೇಷ್ಟ್ರ ಪೀರಿಯಡ್ಡು

ಎರಡನೇ ಪೀರಿಯಡ್ಡಿನ ಗಂಟೆ ಹೊಡೆದ ಮೇಲೆ ಹತ್ತನೇ ಕ್ಲಾಸಿನ ಬಾಗಿಲು ತಳ್ಳಿದ ಸಮಾಜ ಮೇಷ್ಟ್ರಿಗೆ ಮೊದಲು ಕಂಡದ್ದು ಲೆಕ್ಕದ ಮೇಷ್ಟ್ರ ಬೆನ್ನು. ಬೋರ್ಡಿನ ತುಂಬ ತ್ರಿಕೋಣಗಳು. ನಿನ್ನೆ ತಾವು ಬೆವರು ಸುರಿಸಿ ಬರೆದು, "ಅಳಿಸಬೇಡಿ" ಎಂದು ಕೆಳಗೆ ಗೆರೆ ಎಳೆದು ಬಿಟ್ಟಿದ್ದ ರೈತ ದಂಗೆಯ ಕಾರಣಗಳೆಲ್ಲ ಡಸ್ಟರಿನ ಹೊಟ್ಟೆ ಸೇರಿದ್ದವು. "ದಂಗೆ" ಎಂಬ ಪದವೊಂದು ಮಾತ್ರ ಹೇಗೋ ತಪ್ಪಿಸಿಕೊಂಡು, ಒಂದು ತ್ರಿಕೋಣದೊಳಗೆ ಲಾಕಪ್ಪಿನಲ್ಲಿ ಕೂತ ಹಾಗೆ ಕೂತಿತ್ತು.

"ಸಾರ್, ಇದು ನನ್ನ ಪೀರಿಯಡ್ಡು," ಎಂದರು ಸಮಾಜ ಮೇಷ್ಟ್ರು.

"ಇತ್ತು," ಎಂದರು ಲೆಕ್ಕದ ಮೇಷ್ಟ್ರು, ತಿರುಗದೆಯೇ. "ಹೊಸ ಟೈಮ್‌ಟೇಬಲ್ ನೋಡ್ಲಿಲ್ವಾ? ಪಾಪ, ನಿಮಗೆ ಯಾರೂ ಹೇಳ್ಲೇ ಇಲ್ಲ ಅಂತ ಕಾಣತ್ತೆ."

ಪೀರಿಯಡ್ಡು ಹೋದದ್ದನ್ನು ಅವರು ಹೇಗೋ ನುಂಗಿಕೊಳ್ಳುತ್ತಿದ್ದರೇನೋ. ಆ "ಪಾಪ" ಮಾತ್ರ ಗಂಟಲಲ್ಲಿ ಇಳಿಯಲಿಲ್ಲ.

ಸಮಾಜ ವಿಜ್ಞಾನ ಕಲಿಸುವವರಾದ್ದರಿಂದ ಆ ಶಾಲೆಯಲ್ಲಿ ಅವರ ಹೆಸರೇ ಸಮಾಜ ಎಂದಾಗಿಹೋಗಿತ್ತು. ವಿಜ್ಞಾನದವರಿಗೆ ಲ್ಯಾಬಿತ್ತು. ಲೆಕ್ಕದವರಿಗೆ ಎರಡೆರಡು ಬೋರ್ಡಿದ್ದವು. ಡ್ರಿಲ್ ಮೇಷ್ಟ್ರಿಗೆ ಮೈದಾನವಿತ್ತು, ಸೀಟಿಯಿತ್ತು. ಸಮಾಜಕ್ಕೆ ಇದ್ದದ್ದು ಒಂದು ಹರಿದ ಭೂಪಟ ಮತ್ತು, ಬೆಳಗಿನದೊಂದು ಬಿಟ್ಟರೆ, ಊಟವಾದ ಮೇಲಿನ, ಮಕ್ಕಳು ತೂಕಡಿಸುವ ಪೀರಿಯಡ್ಡುಗಳು. ಯಾರಿಗೆ ಜ್ವರ ಬರಲಿ, ಯಾರ ಪೋರ್ಷನ್ ಬಾಕಿ ಉಳಿಯಲಿ, ಮೊದಲು ಕತ್ತರಿ ಬೀಳುತ್ತಿದ್ದದ್ದು ಸಮಾಜಕ್ಕೆ. ವರ್ಷಗಟ್ಟಲೆ ಅದಕ್ಕೆ ಹಲ್ಲು ಗಿಂಜಿ "ಪರವಾಗಿಲ್ಲ ಸಾರ್" ಎನ್ನುತ್ತ ಬಂದಿದ್ದವರು ಇವತ್ತು ಚಾಕ್‌ಪೀಸನ್ನು ಮುಷ್ಟಿಯಲ್ಲೇ ಪುಡಿ ಮಾಡಿ ಹೆಡ್ಮೇಷ್ಟ್ರ ಕೋಣೆಗೆ ನುಗ್ಗಿದರು.

"ಬನ್ನಿ ಸಮಾಜ, ಕೂತ್ಕೊಳ್ಳಿ. ಕೋಪ ಮಾಡ್ಕೋಬೇಡಿ," ಎಂದರು ಹೆಡ್ಮೇಷ್ಟ್ರು.

"ಕೂರಲ್ಲ ಸಾರ್. ಕೋಪ ಆಗಲೇ ಮಾಡ್ಕೊಂಡಾಯ್ತು."

"ನೋಡ್ರೀ, ಲೆಕ್ಕದಲ್ಲಿ ಹುಡುಗರು ಫೇಲಾಗ್ತಾರೆ. ನಿಮ್ಮ ಸಬ್ಜೆಕ್ಟಲ್ಲಿ ಯಾರೂ ಫೇಲಾಗಲ್ಲ. ಅಂದ್ಮೇಲೆ ಕಲಿಸೋದು ಯಾಕೆ?"

"ಕಾಯಿಲೆ ಬೀಳದೆ ಇರೋರಿಗೆ ಊಟ ಯಾಕೆ ಅಂದ ಹಾಗಾಯ್ತು!"

"ಊಟದ ಮಾತು ಬಿಡಿ. ಈಗೆಲ್ಲ ಡಿಜಿಟಲ್ ಕಾಲ. ಲೆಕ್ಕಕ್ಕೆ ನೆಟ್ಟಲ್ಲಿ ಎಷ್ಟೊಂದು ಬಂದಿದೆ. ವಿಜ್ಞಾನಕ್ಕೂ ಬಂದಿದೆ. ಸಮಾಜಕ್ಕೆ ಏನಿದೆ? ಇಸವಿ ಬಾಯಿಪಾಠ ಮಾಡೋಕೆ ಇಂಟರ್ನೆಟ್ ಬೇಕೇನ್ರೀ?"

ಸಮಾಜ ಮೇಷ್ಟ್ರ ಪಿತ್ತ ನೆತ್ತಿಗೇರಿತು.

"ಏನಿದೆ ಅಂತೀರಾ? ಹಳೇ ಸರ್ವೆ ನಕ್ಷೆಗಳಿವೆ ಸಾರ್, ಆಕಾಶದಿಂದ ತೆಗೆದ ಇವತ್ತಿನ ಫೋಟೋ ಪಕ್ಕ ಇಟ್ಟು ನೋಡಬಹುದು. ಜನಗಣತಿ ಇದೆ. ಶಾಸನಸಭೇಲಿ ಯಾರು ಏನಂದ್ರು, ಯಾರು ಬಾಯಿ ಮುಚ್ಕೊಂಡು ಕೂತಿದ್ರು, ಅಕ್ಷರ ಅಕ್ಷರ ಇದೆ. ಗಿರಣಿಯಲ್ಲಿ ದುಡಿದ ಹೆಂಗಸರು ತಮ್ಮ ಬಾಯಿಂದಲೇ ಹೇಳಿದ ಕತೆ ಕೇಳಬಹುದು, ಅವರ ಕೆಮ್ಮಿನ ಸಮೇತ! ಎಲ್ಲಾ ಪುಕ್ಕಟೆ! ನಿಮ್ಮ ಗೋಡೆ ಮೇಲಿನ ಭೂಪಟದಲ್ಲಿರೋ ಎಷ್ಟೋ ದೇಶಗಳು ಸತ್ತು ಮಣ್ಣಾಗಿವೆ ಸಾರ್. ನಮ್ಮ ಮಕ್ಕಳು ಇನ್ನೂ ಅವುಗಳ ರಾಜಧಾನಿ ಉರು ಹೊಡೀತಿದಾರೆ!"

ಹೆಡ್ಮೇಷ್ಟ್ರು ಭೂಪಟವನ್ನೊಮ್ಮೆ ಅನುಮಾನದಿಂದ ನೋಡಿದರು.

"ಸರಿ ಹಾಗಾದ್ರೆ. ಮಧ್ಯಾಹ್ನ ಇಲಾಖೆ ಸಾಹೇಬರು ಬರ್ತಿದಾರೆ, ಡಿಜಿಟಲ್ ಬೋಧನೆ ನೋಡೋಕೆ. ಲೆಕ್ಕದವರು ತೋರಿಸಬೇಕಿತ್ತು. ನೀವೇ ತೋರಿಸಿ. ಸಾಹೇಬರು ತಲೆದೂಗಿದ್ರೆ ನಿಮ್ಮ ಪೀರಿಯಡ್ಡುಗಳೆಲ್ಲ ನಿಮಗೆ ವಾಪಸ್. ಇಲ್ಲಾಂದ್ರೆ ಎಲ್ಲಾ ಲೆಕ್ಕಕ್ಕೆ. ಆಮೇಲೆ ಕಮಕ್ ಕಿಮಕ್ ಅನ್ನಬಾರದು."

"ಅನ್ನಲ್ಲ," ಎಂದರು ಸಮಾಜ ಮೇಷ್ಟ್ರು.

ಕಂಪ್ಯೂಟರ್ ಕೋಣೆಯಲ್ಲಿ ಕಂಪ್ಯೂಟರುಗಳಿಗೆಲ್ಲ ಹೂವಿನ ಬಟ್ಟೆಯ ಹೊದಿಕೆ ಹೊದಿಸಿ, ತೊಟ್ಟಿಲ ಕೂಸುಗಳ ಹಾಗೆ ಮಲಗಿಸಲಾಗಿತ್ತು. ಧೂಳು ಬೀಳುತ್ತದೆಂದು ಫ್ಯಾನಿಲ್ಲ, ಕಿಟಕಿ ತೆರೆಯುವಂತಿಲ್ಲ, ಮಕ್ಕಳಂತೂ ಬರುವಂತೆಯೇ ಇಲ್ಲ. ಕಂಪ್ಯೂಟರ್ ಟೀಚರು ಒಂದು ಹೊದಿಕೆಯನ್ನು ಒಲ್ಲದ ಮನಸ್ಸಿನಿಂದ ಎತ್ತಿದರು.

"ಜೋರಾಗಿ ಒತ್ತಬೇಡಿ ಸಾರ್. ಕೀಲಿಗಳು ಹೊಸವು."

"ತಂದು ಎಷ್ಟು ವರ್ಷ ಆಯ್ತಮ್ಮಾ?"

"ವರ್ಷ ಆದ್ರೇನು, ಯಾರೂ ಮುಟ್ಟಿಲ್ಲವಲ್ಲ."

ಸಮಾಜ ಮೇಷ್ಟ್ರು ಮೆತ್ತಗೆ "ರೈತ ದಂಗೆ" ಎಂದು ಒತ್ತಿದರು. ಪರದೆ ಕೆಂಪಗಾಯಿತು. ಮಧ್ಯದಲ್ಲಿ ಒಂದು ದಪ್ಪ ಬೀಗದ ಚಿತ್ರ. ಕೆಳಗೆ, "ಈ ವಿಷಯ ಮಕ್ಕಳಿಗೆ ಸೂಕ್ತವಲ್ಲ."

"ಅಯ್ಯೋ, ಅದನ್ನೆಲ್ಲ ಹುಡುಕಬೇಡಿ ಸಾರ್! ಯಾವನೋ ಹುಡುಗ ಏನೋ ನೋಡಿಬಿಟ್ಟ ಅಂತ ಆಡಳಿತ ಮಂಡಳಿಯವರು ಕೆಟ್ಟ ಪದ ಎಲ್ಲ ಬ್ಲಾಕ್ ಮಾಡ್ಸಿದಾರೆ."

"ದಂಗೆ ಕೆಟ್ಟ ಪದವಾ?"

"ಹಾಗಾದ್ರೆ ಒಳ್ಳೇ ಪದವಾ ಸಾರ್?"

"ಯುದ್ಧ" ಎಂದು ಒತ್ತಿದರು. ಬೀಗ. "ಗುಲಾಮರು", ಬೀಗ. "ಮುಷ್ಕರ", ಬೀಗ. ಹಲ್ಲು ಕಚ್ಚಿ "ಜನಸಂಖ್ಯೆ" ಎಂದು ಒತ್ತಿದರು. ಅದಕ್ಕೂ ಬೀಗವೇ.

"ಇದಕ್ಯಾಕಮ್ಮಾ ಬೀಗ?"

ಟೀಚರು ಬಾಗಿಲ ಕಡೆ ನೋಡಿ ದನಿ ತಗ್ಗಿಸಿದರು. "ಜನ ಹ್ಯಾಗೆ ಹೆಚ್ತಾರೆ ಅಂತ ಮಕ್ಕಳು ಕೇಳಿದ್ರೆ ಏನು ಹೇಳ್ತೀರಾ?"

"ಸಂವಿಧಾನ" ಎಂದು ಒತ್ತಿದರು. ಮತ್ತೆ ಬೀಗ. "ಸಂವಿಧಾನಕ್ಕೇನಾಗಿದೆ ರೋಗ?"

"ಅದರೊಳಗೆ ಎಲ್ಲೋ ಒಂದು ಕಡೆ ಲಿಂಗಭೇದ ಅಂತ ಬರತ್ತಂತೆ ಸಾರ್."

ಸಮಾಜ ಮೇಷ್ಟ್ರು ಕೊನೆಗೆ ಹೊಟ್ಟೆಯುರಿಗೆ "ತ್ರಿಕೋಣಮಿತಿ" ಎಂದು ಒತ್ತಿದರು. ಬೆಣ್ಣೆಯಲ್ಲಿ ಚಾಕು ಇಳಿದಂತೆ ತೆರೆದುಕೊಂಡಿತು. ಬಣ್ಣಬಣ್ಣದ ತ್ರಿಕೋಣಗಳು ಕುಣಿಯುತ್ತ ಬಂದವು.

ಮನುಷ್ಯ ಮನುಷ್ಯನಿಗೆ ಏನೇನು ಮಾಡಿದನೋ ಅದೆಲ್ಲ ಮಕ್ಕಳಿಗೆ ಸೂಕ್ತವಲ್ಲ! ಮಾಡುವಾಗ ತಡೆಯಲು ಯಾರೂ ಬರಲಿಲ್ಲ. ಓದುವಾಗ ತಡೆಯಲು ಮಾತ್ರ ಸಾಫ್ಟ್‌ವೇರ್ ಬಂದಿದೆ. ಮಕ್ಕಳನ್ನು ಗಣಿಗೆ, ಗಿರಣಿಗೆ ತಳ್ಳಿದಾಗ ಈ ಬೀಗ ಯಾರ ಜೇಬಿನಲ್ಲಿತ್ತು? ಸಮಾಜ ಮೇಷ್ಟ್ರು ಹೀಗೆಂದು ಕೂಗಾಡಬೇಕೆಂದಿದ್ದರು. ಅಷ್ಟರಲ್ಲಿ ಟೀಚರು ಕಂಪ್ಯೂಟರಿಗೆ ಮತ್ತೆ ಹೊದಿಕೆ ಹೊದಿಸಿ, ಅಂಚನ್ನು ಒಳಗೆ ಸಿಕ್ಕಿಸಿ, ಮೆಲ್ಲಗೆ ತಟ್ಟಿದರು.

ಸುದ್ದಿ ಸ್ಟಾಫ್‌ರೂಮಿಗೆ ಅವರಿಗಿಂತ ಮೊದಲೇ ಹೋಗಿ ಕುರ್ಚಿ ಹಾಕಿಕೊಂಡು ಕೂತಿತ್ತು.

"ಅಷ್ಟೇನಾ?" ಎಂದರು ಡ್ರಿಲ್ ಮೇಷ್ಟ್ರು ಬನ್ನನ್ನು ಟೀಯಲ್ಲಿ ಅದ್ದುತ್ತ. ಯಾರ ತಾಪತ್ರಯವಾದರೂ ಸರಿ, ಅವರಿಗೆ ಅದು ಆಟದ ಪೀರಿಯಡ್ಡು. "ನಿಮ್ಮ ಫೋನನ್ನೇ ಪ್ರೊಜೆಕ್ಟರಿಗೆ ಸಿಕ್ಕಿಸಿ ಸಾರ್. ನಿಮ್ಮ ನೆಟ್ಟು, ನಿಮ್ಮ ದರ್ಬಾರು. ಬೀಗ ಹಾಕೋಕೆ ಯಾವನಿಗೆ ಧೈರ್ಯ?"

"ಫೋನಿಗೆ ಸಿಕ್ಕಿಸೋ ವೈರ್ ಇಲ್ವಲ್ಲ."

"ನನ್ನದು ತಗೊಳ್ಳಿ," ಎಂದರು ಲೆಕ್ಕದ ಮೇಷ್ಟ್ರು, ಜೇನು ಸುರಿಸುತ್ತ. "ಪೀರಿಯಡ್ಡಿನ ಮಾತು ಬೇರೆ, ಸ್ನೇಹ ಬೇರೆ."

ಅವರ ಔದಾರ್ಯದ ಗುಟ್ಟು ಕ್ಲಾಸಿಗೆ ಹೋಗಿ ಸಿಕ್ಕಿಸಿದ ಮೇಲೆ ತಿಳಿಯಿತು. ವೈರಿನ ಕತ್ತು ಮುರಿದಿತ್ತು. ಒಂದು ಕಡೆ ವಾಲಿಸಿ ಹಿಡಿದರೆ ಮಾತ್ರ ಚಿತ್ರ. ಬಿಟ್ಟರೆ ಗೋಡೆಯೆಲ್ಲ ಪಾಚಿಗಟ್ಟಿದಂತೆ ಹಸಿರು. ಬೇರೆ ದಾರಿಯಿಲ್ಲದೆ ಡ್ರಿಲ್ ಮೇಷ್ಟ್ರೇ ಮೇಜಿನ ಕೆಳಗೆ ಕುಕ್ಕರುಗಾಲಲ್ಲಿ ಕೂತು, ಹಾವಿನ ಹೆಡೆ ಅದುಮಿದವರಂತೆ ವೈರನ್ನು ಅದುಮಿ ಹಿಡಿದರು.

"ಎಷ್ಟು ಹೊತ್ತು ಸಾರ್?" ಕೆಳಗಿನಿಂದ ಪಿಸುದನಿ ಬಂತು.

"ಪೂರ್ತಿ ಪೀರಿಯಡ್ಡು."

"ನನ್ನ ಮಂಡಿ ಸಾರ್..."

"ದಿನಾ ಮಕ್ಕಳನ್ನ ಬಸ್ಕಿ ಹೊಡೆಸ್ತೀರಲ್ಲ, ಇವತ್ತು ನೀವೂ ನೋಡಿ."

ಊಟದ ನಂತರ ಸಾಹೇಬರು ಬಂದರು. ಅವರ ಹಿಂದೆ ಕ್ಯಾಮೆರಾ ಹಿಡಿದ ಗುಮಾಸ್ತರು, ಅವರ ಹಿಂದೆ ಹೆಡ್ಮೇಷ್ಟ್ರು, ಅವರ ಹಿಂದೆ ತಮಾಷೆ ನೋಡಲು ಲೆಕ್ಕದ ಮೇಷ್ಟ್ರು. ಸಾಹೇಬರು ಮೊದಲ ಬೆಂಚಿನ ಹುಡುಗರನ್ನು ಎಬ್ಬಿಸಿ ತಾವು ಕೂತರು. ಬೆಂಚು ಕಿರ್ರೆಂದಿತು.

"ಮಕ್ಕಳೇ," ಎಂದರು ಸಮಾಜ ಮೇಷ್ಟ್ರು. "ಇವತ್ತು ನಾವು ಪುಸ್ತಕದಲ್ಲಿ ಇಲ್ಲದ್ದನ್ನ ನೋಡೋಣ."

ಫೋನು ಒತ್ತಿದರು. ಗೋಡೆಯ ಮೇಲೆ ಹಳೆಯ ನಕ್ಷೆಗಳ ಜಾಲತಾಣ ತೆರೆದುಕೊಳ್ಳಬೇಕಿತ್ತು. ಅದಕ್ಕಿಂತ ಮೊದಲು "ಟಿಂಗ್" ಎಂದು ಸದ್ದಾಗಿ, ಅವರ ಹೆಂಡತಿಯ ಮೆಸೇಜು ಗೋಡೆಯುದ್ದಕ್ಕೂ ಮಾರು ಮಾರು ಅಕ್ಷರಗಳಲ್ಲಿ ಮೂಡಿತು.

"ರೀ, ಆ ಹೆಡ್ಡು ಇವತ್ತೂ ನಿಮ್ಮ ಪೀರಿಯಡ್ಡು ಕಿತ್ಕೊಂಡ್ನಾ? ಸುಮ್ನೆ ಹಲ್ಲು ಗಿಂಜ್ಕೊಂಡು ಬರಬೇಡಿ."

ಮೇಷ್ಟ್ರು ಅಳಿಸಲು ಹೋಗಿ ತೆರೆದೇಬಿಟ್ಟರು. ಟಿಂಗ್. ಕೆಳಗೆ ಇನ್ನೊಂದು ಬಂತು.

"ಬರ್ತಾ ಟೊಮೆಟೊ ತನ್ನಿ. ಗಟ್ಟಿಯಾಗಿರೋದು. ನಿಮ್ಮ ಥರ ಮೆತ್ತಗಿರೋದಲ್ಲ."

ಕ್ಲಾಸು ಬಿದ್ದು ಬಿದ್ದು ನಕ್ಕಿತು. ಮೇಜಿನ ಕೆಳಗಿಂದಲೂ ಖೊಕ್ಕೆಂಬ ಸದ್ದು ಬಂದು ಗೋಡೆ ಒಂದು ಕ್ಷಣ ಹಸಿರಾಯಿತು. ಲೆಕ್ಕದ ಮೇಷ್ಟ್ರು ಕರವಸ್ತ್ರದಿಂದ ಬಾಯಿ ಮುಚ್ಚಿಕೊಂಡರು. ಹೆಡ್ಮೇಷ್ಟ್ರ ಮುಖ ಗಂಟು ಹಾಕಿಕೊಂಡು, ಬಿಚ್ಚಲು ಬಾರದಂತಾಯಿತು.

ಎಲ್ಲ ಮುಗಿಯಿತೆಂದುಕೊಂಡ ಮನುಷ್ಯನಿಗೆ ಒಮ್ಮೊಮ್ಮೆ ಎಲ್ಲಿಂದಲೋ ಮೊಂಡ ಧೈರ್ಯ ಬರುತ್ತದೆ.

"ನಗೋದು ಸಾಕು!" ಎಂದು ಮೇಷ್ಟ್ರು ಗುಡುಗಿದರು. "ಇದೇ ಪಾಠದ ಮೊದಲ ಭಾಗ. ಇದೊಂದು ಆಧಾರ. ಇತಿಹಾಸ ಬರೆಯೋರಿಗೆ ಸಿಗೋದೆಲ್ಲ ಇಂಥವೇ, ಯಾರೋ ಯಾರಿಗೋ ಬರೆದದ್ದು. ಹೇಳಿ, ಬರೆದವರು ಯಾರು?"

ಕ್ಲಾಸು ಬೆಪ್ಪಾಯಿತು. ಆಮೇಲೆ ಒಬ್ಬ ಎದ್ದ. "ನಿಮ್ಮ ಮನೆಯವರು ಸಾರ್."

"ಹ್ಯಾಗೆ ಹೇಳ್ತೀಯ?"

"ಬೇರೆ ಯಾರೂ ನಿಮಗೆ ಇಷ್ಟು ಬೈಯಲ್ಲ ಸಾರ್."

"ಬರೆದದ್ದನ್ನ ಹಾಗೇ ನಂಬಬಹುದಾ?"

ಕಿಟಕಿ ಪಕ್ಕದ ಹುಡುಗಿ ಎದ್ದಳು. "ನಂಬಬಾರದು ಸಾರ್. ಅವರು ಕಣ್ಣಾರೆ ನೋಡಿಲ್ಲ. ನೀವು ಮನೇಲಿ ಹೇಳಿದ್ದು ಕೇಳಿ ಬರೆದಿದಾರೆ. ಹೆಡ್ಮೇಷ್ಟ್ರ ಕಡೆಯ ಮಾತೂ ಕೇಳಬೇಕು."

"ಶಭಾಷ್! ಸರಿಯಾಗಿ ಹೇಳಿದೆ."

ಹೆಡ್ಮೇಷ್ಟ್ರ ಮುಖದ ಗಂಟು ಅರ್ಧ ಬಿಚ್ಚಿತು. ಸಾಹೇಬರು ಮುಂದಕ್ಕೆ ಬಾಗಿದರು. "ಟೊಮೆಟೊದಿಂದ ಏನು ಗೊತ್ತಾಗತ್ತೆ?" ಎಂದು ತಾವೇ ಕೇಳಿದರು.

"ಹೋದ ಸಲ ಮೇಷ್ಟ್ರು ಕೊಳೆತದ್ದು ತಂದಿದ್ರು ಅಂತ!" ಎಂದು ಹಿಂದಿನ ಬೆಂಚು ಒಕ್ಕೊರಲಿನಿಂದ ಕೂಗಿತು.

"ಅದು ಊಹೆ," ಎಂದರು ಸಮಾಜ ಮೇಷ್ಟ್ರು. "ಆದ್ರೆ ಬಲವಾದ ಊಹೆ. ಈಗ ಮುಂದಿನ ಆಧಾರ."

ಈ ಸಲ ನಕ್ಷೆಯೇ ಬಂತು. ಎಡಕ್ಕೆ ಅವರದೇ ಪೇಟೆಯ ಹಳೆಯ ಸರ್ವೆ ನಕ್ಷೆ, ಬಲಕ್ಕೆ ಅದೇ ಜಾಗದ ಇವತ್ತಿನ ಫೋಟೋ. ಮಕ್ಕಳು ಬೆಂಚು ಹತ್ತಿ ನಿಂತು ತಮ್ಮ ತಮ್ಮ ಮನೆ ಹುಡುಕಿದರು. ಹಳೆಯ ನಕ್ಷೆಯ ನಡುವೆ ದೊಡ್ಡದೊಂದು ನೀಲಿ ಮಚ್ಚೆಯಿತ್ತು. ಹೊಸ ಫೋಟೋದಲ್ಲಿ ಅಲ್ಲಿ ಒತ್ತೊತ್ತಾಗಿ ಮನೆಗಳು.

ಯಾವತ್ತೂ ಬಾಯಿ ಬಿಡದ ಕೊನೆ ಬೆಂಚಿನ ಹುಡುಗಿ ಮೆಲ್ಲಗೆ ಗೋಡೆಯ ಹತ್ತಿರ ಬಂದು ನೀಲಿಯ ಮೇಲೆ ಬೆರಳಿಟ್ಟಳು.

"ಇದು ನಮ್ಮ ಬೀದಿ ಸಾರ್."

"ಆಗ ಅಲ್ಲಿ ಏನಿತ್ತು?"

"ಕೆರೆ." ಅವಳ ಬೆರಳು ನೀಲಿಯ ಅಂಚಿನ ಸುತ್ತ ಒಮ್ಮೆ ಸರಿಯಿತು. "ಪ್ರತಿ ಮಳೆಗೂ ನಮ್ಮನೆಗೆ ನೀರು ನುಗ್ಗತ್ತೆ ಸಾರ್. ಕಸ ಹಾಕಿ ಮೋರಿ ಕಟ್ಟಿಕೊಳ್ಳೋ ಹಾಗೆ ಮಾಡಿದ್ದೀರಿ ಅಂತ ಮನೆ ಮಾಲೀಕ ನಮ್ಮಮ್ಮನ್ನೇ ಬೈತಾನೆ. ಅಮ್ಮ ಅವನ ಹತ್ರ ತಪ್ಪಾಯ್ತು ಅಂತಾಳೆ. ತಪ್ಪು ನಮ್ಮದಲ್ಲ ಸಾರ್. ನಾವು ಕೆರೇಲಿ ಮಲಗ್ತಿದೀವಿ."

ಯಾರೂ ನಗಲಿಲ್ಲ. ಮೇಜಿನ ಕೆಳಗಿನ ಮಂಡಿ ಕೂಡ ನರಳಲಿಲ್ಲ.

"ಕೆರೆ ಮುಚ್ಚಿದ್ದು ಯಾರು ಸಾರ್?" ಎಂದು ಕೇಳಿದಳು.

"ಅದಕ್ಕೂ ಆಧಾರಗಳಿವೆ ಮಗು," ಎಂದರು ಮೇಷ್ಟ್ರು. "ಪುರಸಭೆಯ ನಡಾವಳಿಗಳಿವೆ, ಹಳೇ ಪತ್ರಿಕೆಗಳಿವೆ. ನಾಳೆ ನಾವೆಲ್ಲ ಸೇರಿ ಹುಡುಕೋಣ."

ಗಂಟೆ ಹೊಡೆಯಿತು. ಯಾವ ಮಗುವೂ ಏಳಲಿಲ್ಲ. ಸಮಾಜದ ಪೀರಿಯಡ್ಡು ಮುಗಿದಾಗ ಮಕ್ಕಳು ಏಳದೆ ಕೂತದ್ದು ಆ ಶಾಲೆಯ ಇತಿಹಾಸದಲ್ಲೇ ಮೊದಲು. ಸಾಹೇಬರು ಎದ್ದು ನಿಂತು ತಲೆದೂಗಿದರು. ಎಲ್ಲರಿಗೂ ಕಾಣುವ ಹಾಗೆ, ಎರಡು ಸಲ ತಲೆದೂಗಿದರು.

ಹೆಡ್ಮೇಷ್ಟ್ರ ಕೋಣೆಗೆ ಟೀ ಬಂತು. ಸಮಾಜ ಮೇಷ್ಟ್ರಿಗೆ ಕೂರಲು ಮೆತ್ತೆಯ ಕುರ್ಚಿ ಸಿಕ್ಕಿತು.

"ನಿಮ್ಮಂಥ ಮೇಷ್ಟ್ರು ಪ್ರತಿಯೊಂದು ಶಾಲೆಗೂ ಬೇಕು," ಎಂದರು ಸಾಹೇಬರು.

"ಇದಾರೆ ಸಾರ್, ತುಂಬಾ ಜನ ಇದಾರೆ," ಎಂದು ಸಮಾಜ ಮೇಷ್ಟ್ರು ಉಬ್ಬಿಹೋದರು. "ಅವರಿಗೆ ಒಂದಿಷ್ಟು ಪೀರಿಯಡ್ಡು, ಒಂದಿಷ್ಟು ನೆಟ್ಟು ಕೊಟ್ರೆ..."

"ತುಂಬಾ ಜನ ಯಾಕ್ರೀ? ನೀವೊಬ್ರೇ ಸಾಕು. ಗುಮಾಸ್ತರು ಪೂರ್ತಿ ಪಾಠ ಕ್ಯಾಮೆರಾದಲ್ಲಿ ಹಿಡ್ಕೊಂಡಿದಾರೆ. ಸಮಾಜ ವಿಜ್ಞಾನಕ್ಕೆ ಉಪಯುಕ್ತ ಆನ್‌ಲೈನ್ ಸಂಪನ್ಮೂಲ ಅಂತ ಇಲಾಖೆ ಜಾಲತಾಣಕ್ಕೆ ಹಾಕಿಸ್ತೀನಿ. ಇನ್ಮೇಲೆ ಎಲ್ಲಾ ಶಾಲೇಲೂ ಸಮಾಜದ ಪೀರಿಯಡ್ಡಿಗೆ ನೀವೇ. ಒಳ್ಳೇ ಮೇಷ್ಟ್ರು ಸಿಗೋದು ಕಷ್ಟ ನೋಡಿ. ಅದಕ್ಕೇ ಸಿಕ್ಕಾಗಲೇ ರೆಕಾರ್ಡ್ ಮಾಡ್ಕೊಂಡುಬಿಡಬೇಕು."

ಸಮಾಜ ಮೇಷ್ಟ್ರ ಕೈಯ ಲೋಟ ಬಾಯಿಗೂ ಹೋಗದೆ ಮೇಜಿಗೂ ಬಾರದೆ ನಡುವೆ ನಿಂತಿತು.

"ನಾನು ಮಾತಿಗೆ ತಪ್ಪೋನಲ್ಲ," ಎಂದರು ಹೆಡ್ಮೇಷ್ಟ್ರು ಹೆಮ್ಮೆಯಿಂದ. "ಪೀರಿಯಡ್ಡು ನಿಮಗೆ ಅಂದಿದ್ದೆ, ನಿಮಗೇ. ಇವತ್ತಿಂದಲೇ ನೀವು ಗೋಡೆ ಮೇಲಿರ್ತೀರಿ. ಕೆಳಗೆ ಮಕ್ಕಳು ಗಲಾಟೆ ಮಾಡದ ಹಾಗೆ ಲೆಕ್ಕದವರು ನೋಡ್ಕೋತಾರೆ."

"ಮತ್ತೆ ನಾನು ಸಾರ್?"

"ನೀವು ಗೋಡೆ ಮೇಲೆ ಅಂದ್ನಲ್ಲಾ."

"ಆ ನಾನಲ್ಲ ಸಾರ್. ಈ ನಾನು! ಈ ನಾನು!" ಎಂದು ಮೇಷ್ಟ್ರು ಎದೆ ಬಡಿದುಕೊಂಡರು.

"ಓ, ಈ ನೀವಾ?" ಹೆಡ್ಮೇಷ್ಟ್ರು ಅವರನ್ನು ಕೋಣೆಯಲ್ಲಿ ಹೆಚ್ಚಾಗಿ ಉಳಿದ ಬೆಂಚನ್ನು ನೋಡುವ ಹಾಗೆ ನೋಡಿದರು. "ಅದನ್ನ ಯೋಚ್ನೆ ಮಾಡೋಣ ಬಿಡಿ. ಎಲ್ಲಾದ್ರೂ ಒಂದು ಕಡೆ ಹಾಕೋಣ."

ಸಮಾಜ ಮೇಷ್ಟ್ರು ಜಗಳಕ್ಕೆ ಬಾಯಿ ತೆರೆದರು. ಆದರೆ ಯಾವ ಮಾತೆಂದು ಆಡುವುದು? ನೆಟ್ಟಿನಿಂದ ಸಮಾಜ ಕಲಿಸಬಹುದೆಂದು ಬೆಳಿಗ್ಗೆ ಇದೇ ಕೋಣೆಯಲ್ಲಿ ಗಂಟಲು ಹರಿದುಕೊಂಡವರು ಅವರೇ. ಈಗ ಅವರೇ ನೆಟ್ಟಿನಲ್ಲಿದ್ದರು.

ಕೊನೆಯ ಪೀರಿಯಡ್ಡಿನಲ್ಲಿ ಬಿ ಸೆಕ್ಷನ್ನಿಗೆ ಸಮಾಜವಿತ್ತು. ಕಾಲುಗಳು ತಾವಾಗಿ ಆ ಕಡೆ ನಡೆದವು. ಬಾಗಿಲು ತಳ್ಳಿದರೆ ಕೋಣೆಯೆಲ್ಲ ಕತ್ತಲು. ಎದುರು ಗೋಡೆಯ ಮೇಲೆ ತಾವೇ ನಿಂತಿದ್ದರು, ತಮಗಿಂತ ಎತ್ತರ, ತಮಗಿಂತ ಬೆಳ್ಳಗೆ. ಕೆಳಗೆ ಕುರ್ಚಿಯಲ್ಲಿ ಲೆಕ್ಕದ ಮೇಷ್ಟ್ರು ಕಿವಿ ಕೆರೆದುಕೊಳ್ಳುತ್ತ ಕೂತಿದ್ದರು.

"ಬರೆದದ್ದನ್ನ ಹಾಗೇ ನಂಬಬಹುದಾ?" ಎಂದು ಗೋಡೆಯ ಮೇಷ್ಟ್ರು ಕೇಳಿದರು.

"ನಂಬಬಹುದು ಸಾರ್!" ಎಂದು ಬಿ ಸೆಕ್ಷನ್ನಿನ ಮಕ್ಕಳು ಕೂಗಿ ಹೇಳಿದರು. ಆ ಗದ್ದಲದಲ್ಲಿ ಗೋಡೆಯ ಮೇಲಿನ ಹುಡುಗಿಯ ಮಾತು ಯಾರಿಗೂ ಕೇಳಿಸಲಿಲ್ಲ.

"ಶಭಾಷ್! ಸರಿಯಾಗಿ ಹೇಳಿದೆ," ಎಂದರು ಗೋಡೆಯ ಮೇಷ್ಟ್ರು.

ಬಾಗಿಲಲ್ಲಿ ನಿಂತ ಮೇಷ್ಟ್ರಿಗೆ ಮೈಯೆಲ್ಲ ಉರಿದುಹೋಯಿತು. "ತಪ್ಪು! ತಪ್ಪು ಮಕ್ಕಳೇ, ನಂಬಬಾರದು!" ಎಂದು ಕಿರುಚಿದರು.

ಇಡೀ ಕ್ಲಾಸು ತಿರುಗಿ ಅವರನ್ನು ನೋಡಿತು, ಆಮೇಲೆ ಗೋಡೆಯನ್ನು ನೋಡಿತು. ಲೆಕ್ಕದ ಮೇಷ್ಟ್ರು ತುಟಿಯ ಮೇಲೆ ಬೆರಳಿಟ್ಟರು.

"ಶ್! ಏನ್ ಸಾರ್ ನೀವು? ಮೇಷ್ಟ್ರು ಪಾಠ ಮಾಡ್ತಿದಾರೆ, ಕಾಣ್ಸಲ್ವಾ? ಬಾಗಿಲು ಹಾಕ್ಕೊಂಡು ಹೋಗಿ. ಬೆಳಕು ಬಿದ್ದು ಅವರ ಮುಖಾನೇ ಸರಿಯಾಗಿ ಕಾಣ್ತಿಲ್ಲ."